ತೇಗಿಸೋ ಬಟ್ಟೆ ಎಷ್ಟು ಬೇಕು? ಒಣಹಾಕೋ ಹಗ್ಗವನ್ನ ಕೇಳಿ

ಸೀಮಂತ ಮುಗಿದ ಮನೆಯಲ್ಲಿ ಪಟ್ಟಿ ಬರೆಯೋಕೆ ಕೂತರೆ ಲಂಗೋಟಿ ಎಷ್ಟು, ಕುಲಾವಿ ಎಷ್ಟು ಅನ್ನೋದಕ್ಕೆ ಅಜ್ಜಿಯಂದಿರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತೆ. ಹಾಲು ಕುಡಿಸಿ ತೇಗಿಸುವಾಗ ಹೆಗಲ ಮೇಲೆ ಹಾಕ್ಕೊಳ್ಳೋ ಬಟ್ಟೆ, ಅಂಗಡಿಯವರ ಮಾತಲ್ಲಿ ಬರ್ಪ್ ಕ್ಲಾತ್, ಅದು ಎಷ್ಟು ಬೇಕು ಅಂತ ಕೇಳಿ ನೋಡಿ. ಒಬ್ಬರು ಆರು ಸಾಕು ಅಂತಾರೆ, ಇನ್ನೊಬ್ಬರು ಮೂವತ್ತಾದರೂ ಸಾಲಲ್ಲ ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಒಬ್ಬರ ಮಗು ಮಾರ್ಚಲ್ಲಿ ಹುಟ್ಟಿರುತ್ತೆ, ಮೇಲೆ ತಾರಸಿ ಇರುತ್ತೆ. ಇನ್ನೊಬ್ಬರದು ಆಗಸ್ಟ್ ಕೂಸು, ಬಿಸಿಲೇ ಕಾಣದ ಫ್ಲಾಟಿನ ಯುಟಿಲಿಟಿಯಲ್ಲಿ ಬಟ್ಟೆ ಒಣಗಬೇಕು.

ಲೆಕ್ಕ ಸುಲಭ. ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತೆ ಅನ್ನೋದನ್ನ, ಎಷ್ಟು ದಿನಕ್ಕೊಮ್ಮೆ ಒಗೀತೀರಿ ಮತ್ತು ಒಗೆದದ್ದು ಒಣಗೋಕೆ ಎಷ್ಟು ದಿನ ಬೇಕು, ಈ ಎರಡನ್ನೂ ಕೂಡಿಸಿ ಬಂದದ್ದರಿಂದ ಗುಣಿಸಿ. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತೆ. ಅಷ್ಟಾಗಿ ಕಕ್ಕದ ಮಗುವಾದರೆ ಎರಡು ಸಲಕ್ಕೆ ಒಂದು ಬಟ್ಟೆ, ಅಂದರೆ ದಿನಕ್ಕೆ ಹೆಚ್ಚೆಂದರೆ 6. ದಿನಾ ಒಗೆದು, ಒಂದೇ ದಿನದಲ್ಲಿ ಒಣಗಿದರೆ 6 ಗುಣಿಸು 2, ಹನ್ನೆರಡು. ಅದೇ ಮಗು ಮಳೆಗಾಲದಲ್ಲಿ ಹುಟ್ಟಿ, ಬಟ್ಟೆ ಒಣಗೋಕೆ ಎರಡು ದಿನ ಹಿಡಿದರೆ ಹದಿನೆಂಟು. ದಿನ ಬಿಟ್ಟು ದಿನ ಒಗೆಯೋ ಮನೆಯಲ್ಲಿ ಮಳೆಗಾಲಕ್ಕೆ 24. ಇನ್ನು ಪ್ರತಿ ಸಲವೂ ಕಕ್ಕೋ ಮಗುವಾದರೆ ದಿನಕ್ಕೆ ಹತ್ತು ಹಿಡೀರಿ, ಬಿಸಿಲಲ್ಲಿ 20, ಮಳೆಯಲ್ಲಿ 30. ಇದರ ಮೇಲೆ ನಾಲ್ಕು ಹೆಚ್ಚಿಗೆ: ಆಸ್ಪತ್ರೆ ಚೀಲದಲ್ಲಿ ಎರಡು, ಮಗು ಎತ್ತಿಕೊಳ್ಳೋಕೆ ಬರೋ ನೆಂಟರ ಹೆಗಲಿಗೆ ಎರಡು.

ಮಗು ಕಕ್ಕೋ ಜಾತಿಯೋ ಅಲ್ಲವೋ ಹುಟ್ಟೋ ಮುಂಚೆ ಗೊತ್ತಾಗಲ್ಲ. ಅದಕ್ಕೆ ಮೊದಲು ಹನ್ನೆರಡು ಹೊಲಿಸಿಟ್ಟು, ಇನ್ನೊಂದು ಸೀರೆಯನ್ನ ಒಗೆದು ಮಡಚಿ ಇಟ್ಟುಕೊಂಡಿರಿ. ಮೂರನೇ ವಾರದ ಹೊತ್ತಿಗೆ ಚಿತ್ರ ಸ್ಪಷ್ಟವಾಗುತ್ತೆ, ಬೇಕಾದರೆ ಆಗ ಕತ್ತರಿಸಿದರಾಯ್ತು.

ಹೌದು, ಸೀರೆ. ಹತ್ತಾರು ಸಲ ಒಗೆದು ನವೆದ ಕಾಟನ್ ಸೀರೆಗೆ ಸಮನಾದ ಬಟ್ಟೆಯನ್ನ ಯಾವ ಅಂಗಡಿಯೂ ಕೊಡಲ್ಲ. ಮಗು ಹುಟ್ಟೋ ಮುಂಚೆ ಹೊಸ ಬಟ್ಟೆ ತರಬಾರದು ಅನ್ನೋ ಮನೆಗಳಲ್ಲಿ ಈ ಒಂದು ವಿಷಯಕ್ಕಾದರೂ ಶಾಸ್ತ್ರ ಅನುಕೂಲಕ್ಕೇ ಬಂದಿದೆ. ಹೊಸ ಬಟ್ಟೆಯ ನೂಲಿಗೆ ಗಂಜಿ ಹಚ್ಚಿರುತ್ತೆ, ಎರಡು ಮೂರು ಸಲ ಒಗೆಯೋವರೆಗೆ ಹಾಲು ಮೇಲೆಯೇ ಮುತ್ತಿನ ಹಾಗೆ ನಿಂತು ಆಮೇಲೆ ಕುತ್ತಿಗೆಗೆ ಜಾರುತ್ತೆ. ಉಡುಗೊರೆಯಾಗಿ ಬರೋ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆಗಳದ್ದು ಇನ್ನೂ ಕಷ್ಟ, ಅವು ಎಷ್ಟು ಒಗೆದರೂ ಹತ್ತಿಯಷ್ಟು ಹೀರಲ್ಲ. ಟರ್ಕಿ ಟವೆಲ್ ಚೆನ್ನಾಗಿ ಹೀರುತ್ತೆ, ಆದರೆ ಜುಲೈ ತಿಂಗಳಲ್ಲಿ ಅದನ್ನ ಒಣಗಿಸೋರು ಯಾರು? ಹಳೇ ಸೀರೆ ಸಿಗದಿದ್ದರೆ ಬೆಂಗಳೂರಿನ ಚಿಕ್ಕಪೇಟೆ ಕಡೆ ಮೀಟರ್ ಲೆಕ್ಕದಲ್ಲಿ ಬಿಳಿ ಮಲ್ ಬಟ್ಟೆ, ಅಂದರೆ ತೆಳು ಹತ್ತಿ ಬಟ್ಟೆ, ಕೇಳಿ. ಅದನ್ನೂ ಮೊದಲು ಬಿಸಿನೀರಲ್ಲಿ ಒಗೆದು, ಕುಗ್ಗೋದೆಲ್ಲ ಕುಗ್ಗಿದ ಮೇಲೆ ಕತ್ತರಿಸಿ.

ಸೀರೆಯ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ, ಇಲ್ಲಿ ಉದಾಸೀನ ಬೇಡ. ಬೀರುವಿನಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟಿದ್ದ ಸೀರೆ, ಪಂಚೆ, ಉಲ್ಲನ್ ಯಾವುದನ್ನೂ ಎಳೆಗೂಸಿಗೆ ಬಳಸಬೇಡಿ. ಜಿ6ಪಿಡಿ ಅನ್ನೋ ಕಿಣ್ವ ಕಡಿಮೆ ಇರೋ ಮಕ್ಕಳಲ್ಲಿ ಆ ಗುಳಿಗೆಯ ಆವಿ ಕೆಂಪು ರಕ್ತಕಣಗಳನ್ನ ಒಡೆಯುತ್ತೆ, ಕಾಮಾಲೆ ಜೋರಾಗಿ ಏರುತ್ತೆ. ಕೊರತೆ ಇದೆಯೋ ಇಲ್ಲವೋ ಮಗುವಿನ ಮುಖ ನೋಡಿ ಹೇಳೋಕಾಗಲ್ಲ. ದಿನಾ ಉಟ್ಟು ಒಗೆಯೋ ಸೀರೆಯನ್ನೇ ಆರಿಸಿ.

ಕತ್ತರಿಸೋದು ಹೀಗೆ. ಸೀರೆ ಐದೂವರೆ ಮೀಟರ್ ಉದ್ದ, ಅಂಚು ಮತ್ತು ಜರಿ ತೆಗೆದರೆ ಸುಮಾರು ಒಂದು ಮೀಟರ್ ಅಗಲ ಉಳಿಯುತ್ತೆ. ಅಡ್ಡಲಾಗಿ 50 ಸೆಂಟಿಮೀಟರಿಗೊಂದು ತುಂಡು ಮಾಡಿ, ಪ್ರತಿ ತುಂಡು 50ಕ್ಕೆ 100. ಲೆಕ್ಕಕ್ಕೆ ಹನ್ನೊಂದು ಬರಬೇಕು. ಸವೆದ ಭಾಗ ಬಿಟ್ಟರೆ ಎಂಟೋ ಒಂಬತ್ತೋ ಸಿಗುತ್ತೆ. ಎಂಟು ಮೊಳದ ಪಂಚೆಯಲ್ಲಿ ಆರು. ಎರಡು ಮಡಿಕೆ ಮಾಡಿ ನಾಲ್ಕೂ ಕಡೆ ಹೊಲಿಯೋಣ, ಗಟ್ಟಿಯಾಗಿರುತ್ತೆ ಅಂತ ಟೈಲರ್ ಹೇಳ್ತಾರೆ, ಒಪ್ಪಬೇಡಿ. ಹೊಲಿದ ಮಡಿಕೆಯ ಒಳಗೆ ಗಾಳಿ ಆಡಲ್ಲ, ಮಳೆಗಾಲದಲ್ಲಿ ಮುಗ್ಗಲು ವಾಸನೆ ಅಲ್ಲಿಂದಲೇ ಶುರುವಾಗೋದು. ಒಂಟಿ ಪದರವಾಗಿಯೇ ಬಿಟ್ಟು ಸುತ್ತ ಅಂಚು ಮಾತ್ರ ಮಡಚಿ ಹೊಲಿಸಿ. ಬಳಸುವಾಗ ಮಡಚಿ, ಒಣಹಾಕುವಾಗ ಬಿಚ್ಚಿ.

ಅಂಚು ಹೊಲಿಸದೆ ಹಾಗೇ ಬಿಟ್ಟರೂ ತೊಂದರೆ. ಬಿಚ್ಚಿಕೊಂಡ ನೂಲೆಳೆ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡೋದು ನಿಲ್ಲುತ್ತೆ, ಬೆರಳು ಊದುತ್ತೆ, ಎಳೆ ಊತದೊಳಗೆ ಮುಚ್ಚಿಹೋಗಿ ಕಣ್ಣಿಗೂ ಬೀಳಲ್ಲ. ಕಾರಣವಿಲ್ಲದೆ ಚೀರೋ ಮಗುವಿನ ಕೈಬೆರಳು, ಕಾಲ್ಬೆರಳು ನೋಡಿ ಅನ್ನೋದು ಇದಕ್ಕೇ.

ಒಂದೇ ಸೀರೆಯಿಂದ ಲಂಗೋಟಿಯನ್ನೂ ಹೆಗಲ ಬಟ್ಟೆಯನ್ನೂ ಮಾಡಿದರೆ ಹದಿನೈದನೇ ದಿನಕ್ಕೆ ಎರಡೂ ಕಲಸಿಹೋಗುತ್ತೆ. ಲಂಗೋಟಿ ಪಂಚೆಯಿಂದ, ಬಾಯಿ ಬಟ್ಟೆ ಸೀರೆಯಿಂದ ಅಂತ ಇಟ್ಟುಕೊಳ್ಳಿ. ಎಣ್ಣೆ ನೀರು ಮಾಡಿಸುವಾಗ ಮೈ ಒರೆಸೋ ಬಟ್ಟೆ ಮೂರನೆಯದು. ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಒಮ್ಮೆ ಹಿಡಿದ ಬಟ್ಟೆ ಆಮೇಲೆ ಹಾಲನ್ನ ಸರಿಯಾಗಿ ಹೀರಲ್ಲ.

ಈಗ ಹೆಗಲಿಗೆ. ಬಟ್ಟೆಯನ್ನ ಅರ್ಧಕ್ಕೆ ಮಡಚಿದರೆ 50ಕ್ಕೆ 50, ಇನ್ನೊಮ್ಮೆ ಮಡಚಿದರೆ 25 ಅಗಲ, ನಾಲ್ಕು ಪದರ. ಮುಂದೆ 20, ಬೆನ್ನಿಗೆ 30 ಸೆಂಟಿಮೀಟರ್ ಇಳಿಬಿಡಿ. ಕರ್ಚೀಫ್ ಅಳತೆಯ ಬಟ್ಟೆ ಹಾಕಿಕೊಂಡೋರ ಬ್ಲೌಸ್ ಬೆನ್ನು ಯಾವಾಗಲೂ ಒದ್ದೆ, ಯಾಕಂದರೆ ಮಗುವಿನ ಬಾಯಿ ಹೆಗಲಿನ ಆಚೆ ಇರುತ್ತೆ, ಹಾಲು ಹಿಂದಕ್ಕೆ ಇಳಿಯುತ್ತೆ. ಮಗುವಿನ ಗದ್ದ ಹೆಗಲ ಮೇಲೆ ಕೂರಬೇಕು, ಮೂಗು ಬಟ್ಟೆಯಲ್ಲಿ ಹುದುಗಬಾರದು. ಅಂಗೈಯನ್ನ ಬೋಗುಣಿಯ ಹಾಗೆ ಮಾಡಿ ಬೆನ್ನು ತಟ್ಟಿ. ಐದು ನಿಮಿಷಕ್ಕೂ ತೇಗು ಬರಲಿಲ್ಲವಾ, ಬಿಡಿ, ಎಲ್ಲ ಸಲವೂ ಬರಲೇಬೇಕು ಅಂತಿಲ್ಲ. ಕಕ್ಕೋ ಮಗುವನ್ನ ಕುಡಿದ ಮೇಲೆ 20–30 ನಿಮಿಷ ನೆಟ್ಟಗೆ ಎತ್ತಿಕೊಂಡಿದ್ದರೆ ದಿನಕ್ಕೆ ಒಂದೆರಡು ಬಟ್ಟೆ ಉಳಿಯಬಹುದು. ಮಲಗಿಸುವಾಗ ಮಾತ್ರ ಬಟ್ಟೆಯನ್ನ ತೊಟ್ಟಿಲಿನಿಂದ ಹೊರಗೆ ತೆಗೀರಿ. ಕಕ್ಕಿದರೆ ಇರಲಿ ಅಂತ ಕೆನ್ನೆಯ ಕೆಳಗೆ ಇಡೋ ಅಭ್ಯಾಸ ಬಹಳ ಮನೆಗಳಲ್ಲಿದೆ. ಮುಖದ ಮೇಲೆ ಸರಿದರೆ ಎಳೆಮಗು ಅದನ್ನ ತೆಗೆದುಕೊಳ್ಳಲಾರದು.

ಒಗೆಯೋದರಲ್ಲಿ ಎಲ್ಲರೂ ಮಾಡೋ ತಪ್ಪು ಬಿಸಿನೀರಿಗೆ ನೇರವಾಗಿ ಹಾಕೋದು. ಹಾಲಿನ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಬಕೆಟಲ್ಲಿ ಅರ್ಧ ಗಂಟೆ ಬಿಟ್ಟು, ಆಮೇಲೆ ಸೋಪು, ಬಿಸಿನೀರು. ರಾತ್ರಿಯ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆದರೆ ಬೆಳಗ್ಗೆಗೆ ಹುಳಿ ವಾಸನೆ. ನೀರು ಹಾಕೋಕೆ ಎದ್ದೇಳಲಾರದಿದ್ದರೆ ಕುರ್ಚಿ ಬೆನ್ನಿಗೆ ಹರವಿಬಿಡಿ, ಅಷ್ಟು ಸಾಕು. ಫ್ಯಾಬ್ರಿಕ್ ಕಂಡಿಷನರ್ ಬೇಡ, ಅದು ನೂಲಿಗೆ ಜಿಡ್ಡಿನ ಪೊರೆ ಹಚ್ಚುತ್ತೆ, ಹೀರೋ ಗುಣ ಹೋಗುತ್ತೆ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಬಡಾವಣೆಗಳಲ್ಲಿ ಇನ್ನೊಂದು ರಗಳೆ. ಗಡಸು ನೀರಲ್ಲಿ ಬಾರ್ ಸೋಪು ಹಾಕಿದರೆ ನೊರೆಯ ಬದಲು ಬಿಳಿ ಗಸಿ ಕೂರುತ್ತೆ, ಬಟ್ಟೆ ಹಪ್ಪಳದ ಹಾಗೆ ಒಣಗುತ್ತೆ, ಮಗುವಿನ ಗದ್ದ ಕೆಂಪಾಗುತ್ತೆ. ಲಿಕ್ವಿಡ್ ಡಿಟರ್ಜೆಂಟ್ ಕಡಿಮೆ ಹಾಕಿ, ಒಂದು ಸಲ ಹೆಚ್ಚಿಗೆ ಜಾಲಿಸಿ. ಆದರೂ ಗಡುಸಾದರೆ ಅರ್ಧ ಬಕೆಟ್ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಅದ್ದಿ, ಕೊನೆಗೆ ಬರೀ ನೀರಲ್ಲಿ ಜಾಲಿಸಿ. ಕಾವೇರಿ ನೀರು ದಿನ ಬಿಟ್ಟು ದಿನ ಬರೋ ಕಡೆ, ಬರೋ ದಿನವೇ ಒಗೆಯೋ ದಿನ ಅಂತ ಇಟ್ಟುಕೊಂಡು ಲೆಕ್ಕಕ್ಕೆ ಒಂದು ದಿನ ಸೇರಿಸಿ.

ಹಳದಿ ಕಲೆಗೆ ಬಿಸಿಲೇ ಮದ್ದು, ಒದ್ದೆ ಇರುವಾಗಲೇ ಹರವಬೇಕು. ಬೆಂಗಳೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಅಂದರೆ ಬೆಳಗ್ಗೆ ಬಿಸಿಲು, ನಾಲ್ಕಕ್ಕೆ ಧೋ ಅಂತ ಸುರಿತ. ಹತ್ತು ಗಂಟೆಯೊಳಗೆ ಹಗ್ಗಕ್ಕೆ ಹಾಕಿದ ಒಂಟಿ ಪದರದ ಬಟ್ಟೆ ಅಷ್ಟು ಹೊತ್ತಿಗೆ ಒಳಗೆ ಬಂದಿರುತ್ತೆ. ಸಾಂಬ್ರಾಣಿ ಹೊಗೆಯ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸೋ ಹಳೇ ಪದ್ಧತಿಯ ಪರಿಮಳ ಚೆನ್ನ, ಹೊಗೆ ಮಾತ್ರ ಎಳೆ ಶ್ವಾಸಕೋಶಕ್ಕೆ ಬೇಡ. ಫ್ಯಾನಿನ ಕೆಳಗೆ ಹರವಿ, ಆಮೇಲೆ ಇಸ್ತ್ರಿ ಎಳೀರಿ.

ಕಕ್ಕಿದ್ದು ನೋಡಿ ಕುಡಿದದ್ದೆಲ್ಲ ಹೋಯ್ತು ಅಂತ ಬಾಣಂತಿ ಅಳೋದುಂಟು. ಮಡಚಿದ ಬಟ್ಟೆಯ ಮೇಲೆ ಎರಡು ಟೀ ಚಮಚ ನೀರು ಸುರಿದು ತೋರಿಸಿ. ಹತ್ತು ಮಿಲಿಲೀಟರ್ ಎಷ್ಟು ದೊಡ್ಡ ಕಲೆಯಾಗುತ್ತೆ ಅಂತ ಅವರೇ ನೋಡಲಿ. ಅನ್ನನಾಳದ ಕೆಳಗಿನ ಬಿಗಿ ಇನ್ನೂ ಬಲಿತಿಲ್ಲದ್ದರಿಂದ ಹಾಲು ಮೇಲಕ್ಕೆ ಬರುತ್ತೆ. ನಾಲ್ಕನೇ ತಿಂಗಳ ಸುಮಾರಿಗೆ ಜಾಸ್ತಿ, ವರ್ಷ ತುಂಬೋದರೊಳಗೆ ಹೆಚ್ಚಿನ ಮಕ್ಕಳಲ್ಲಿ ನಿಲ್ಲುತ್ತೆ. ಬಟ್ಟೆಯ ಮೇಲೆ ಹಸಿರು ಅಥವಾ ರಕ್ತ ಕಂಡರೆ, ಮೂರರಿಂದ ಆರನೇ ವಾರದಲ್ಲಿ ಪ್ರತಿ ಸಲವೂ ಪಿಚಕಾರಿಯಂತೆ ದೂರ ಹಾರಿದರೆ, ಉಚ್ಚೆ ಕಡಿಮೆಯಾದರೆ ಅದೇ ದಿನ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ಆ ಬಟ್ಟೆಯನ್ನೂ ಒಗೆಯದೆ ತಗೊಂಡು ಹೋಗಿ.

ನಾಲ್ಕು ತಿಂಗಳಾದ ಮೇಲೆ ಜೊಲ್ಲಿಗೂ ಇವೇ ಬಟ್ಟೆ. ಆರು ತುಂಬಿ ರಾಗಿ ಸರಿ ಶುರುವಾದರೆ ಬಿಳಿ ಬಟ್ಟೆಗಳನ್ನ ಮೇಲೆತ್ತಿಡಿ, ಆ ಕಂದು ಕಲೆ ಯಾವ ಬಿಸಿಲಿಗೂ ಸುಲಭವಾಗಿ ಬಗ್ಗಲ್ಲ. ಅಷ್ಟರಲ್ಲಿ ತೂತು ಬಿದ್ದಿರೋ ನಾಲ್ಕೈದು ಹೇಗಿದ್ದರೂ ಅಡುಗೆಮನೆ ಸೇರಿ ಮಸಿಬಟ್ಟೆಯಾಗಿರುತ್ತವೆ.