ಹತ್ತು ಗ್ರಾಂ ಭತ್ತ, ಎರಡು ಪುಟದ ರಿಪೋರ್ಟು

ಶನಿವಾರ ಫಸ್ಟ್ ಪಿರಿಯಡ್ಡಿಗೆ ಟೆಕ್ನಿಕಲ್ ರಿಪೋರ್ಟ್ ರೈಟಿಂಗ್ ಅಂತ ಟೈಮ್‌ಟೇಬಲ್‌ನಾಗ ನೋಡಿ ನಮ್ಮ ಬೆಂಚಿನ ನಾಲ್ಕೂ ಮಂದಿ ಖುಷಿ ಆಗಿದ್ವಿ, ಯಾಕಂದ್ರ ಅದು ನಿದ್ದಿ ಮಾಡೋ ಕ್ಲಾಸು ಅಂತ ಸೀನಿಯರ್ಸ್ ಮೊದ್ಲೇ ಹೇಳಿಬಿಟ್ಟಿದ್ರು. "ಫ್ರಂಟ್ ಪೇಜ್ ಚಂದ ಇರ್ಲಿ, ಸ್ಪೈರಲ್ ಬೈಂಡಿಂಗ್ ಮಾಡ್ಸು, ಮುಗೀತು" ಅನ್ನೋದ ಅವ್ರ ಪ್ರಕಾರ ಪೂರ್ತಿ ಸಿಲೆಬಸ್ಸು. ನಂದು ಸಿವಿಲ್, ಊರು ಕಾರಟಗಿ ಕಡೆ, ಹತ್ತನೇತ್ತ ತನಕ ಕನ್ನಡ ಮೀಡಿಯಂ, ಈಗ ಬಳ್ಳಾರಿಯಾಗ ರೂಮ್ ಮಾಡ್ಕೊಂಡು ಇದ್ದೀನಿ. ಇಂಗ್ಲಿಷಿನಾಗ ಎರಡು ಪುಟ ಬರಿಯೋದಂದ್ರ ನನಗ ಇವತ್ತಿಗೂ ಬ್ಯಾಸಿಗಿ ಮಧ್ಯಾಹ್ನ ಕೋಟೆ ಗುಡ್ಡ ಹತ್ತಿದಂಗ.

ಮೊದಲನೇ ದಿನ ಒಗ್ಗರಣಿ ಮಿರ್ಚಿ ತಿಂದು ಹೊಟ್ಟಿ ಭಾರ ಮಾಡ್ಕೊಂಡು ಹೋಗಿ ಹಿಂದಿನ ಬೆಂಚ್ ಹಿಡದ್ವಿ. ಮೇಡಂ ಬಂದವ್ರು ಬೋರ್ಡ್ ಮ್ಯಾಲ ಡೆಫಿನಿಷನ್ ಬರೀಲಿಲ್ಲ. ನೀರಾವರಿ ಏರಿಯಾದವ್ರು ಎಷ್ಟು ಮಂದಿ ಅದೀರಿ, ಕೈ ಎತ್ರಿ ಅಂದ್ರು. ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು, ಅರ್ಧ ಕ್ಲಾಸ್ ಕೈ ಎತ್ತು. ಆಮ್ಯಾಲ ಅವ್ರು ಹೇಳಿದ್ದು ಇಷ್ಟ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ ಆಗಿ ಗೇಟು ಕೊಚ್ಕೊಂಡು ಹೋತು, ಇದನ್ನ ಮೂರು ಮಂದಿಗೆ ಬರೀರಿ, ಒಬ್ಬೊಬ್ರಿಗೆ ಐದೈದ ಸಾಲು. ಒಬ್ರು ಡ್ಯಾಮಿನ ಕೆಳಗ ನದಿ ದಂಡಿ ಮ್ಯಾಲಿನ ಹಳ್ಳಿಯವ್ರು, ಇನ್ನೊಬ್ರು ಎಡದಂಡಿ ಕಾಲುವಿ ನಂಬಿ ಭತ್ತ ನಾಟಿ ಮಾಡಿದ ರೈತರು, ಮತ್ತೊಬ್ರು ಆ ಜಾಗದಾಗ ಹೊಸ ಗೇಟ್ ಕೂಡ್ಸಾಕ ಬರೋ ಎಂಜಿನಿಯರ್ರು.

ನಾವೆಲ್ಲಾ ಏನ್ ಬರದ್ವಿ ಅಂದ್ರ, ಮೂರಕ್ಕೂ ಒಂದ ನಮೂನಿ. ತುಂಗಭದ್ರಾ ಡ್ಯಾಮ್ ಕರ್ನಾಟಕದ ಪ್ರಮುಖ ಅಣೆಕಟ್ಟು, 1953ರಾಗ ಮುಗೀತು, ಒಟ್ಟು 33 ಗೇಟ್ ಅದಾವು, ಅಂತ ಶುರು. ಮೇಡಂ ನಾಲ್ಕೈದು ಹಾಳಿ ಓದಿ ಅಂದ್ರು, "ಮನಿ ಬಾಗಲಕ್ಕ ನೀರು ಬರಾಕತ್ತೈತಿ, ನೀವು 1953ರ ಕತಿ ಹೇಳ್ಕೋತ ನಿಂತೀರಲ್ರಪಾ." ಎಲ್ರೂ ನಕ್ಕರು, ನಾನೂ ನಕ್ಕೆ, ಆದ್ರ ಆ ರಾತ್ರಿ ನೆನಪಾತು. ನಮ್ಮಪ್ಪ ರಾತ್ರೆಲ್ಲಾ ಫೋನ್ ಹಿಡ್ಕೊಂಡು ಕೂತಿದ್ದ. ಗೇಟ್ ಯಾಕ್ ಹೋತು ಅಂತ ಒಂದ್ಸಲಾನೂ ಕೇಳ್ಲಿಲ್ಲ, ಒಂದ ಪ್ರಶ್ನಿ, "ಬೆಳಿಗೆ ನೀರ್ ಉಳಿತಾವೋ ಇಲ್ಲೋ?" ಡ್ಯಾಮ್ ತುಂಬಿತ್ತು, ಒತ್ತಡ ಕಮ್ಮಿ ಮಾಡಾಕ ಉಳಿದ ಗೇಟ್‌ಗಳನ್ನೂ ತೆಗದು ನೀರು ಬಿಟ್ರು, ಟಿವಿಯಾಗ ನೀರು ಹರಿಯೋದ್ನ ನೋಡಿ ಮಂದಿ ಏನೋ ಅಬ್ಬರ ಅಂದ್ರ, ನಮ್ಮವ್ವ "ನಮ್ ನೆಲ್ಲು ಹೊಂಟ್ವು" ಅಂತ ಅಳಾಕತ್ತಿದ್ಲು. ವಾರದೊಳಗ ಹರಿಯೋ ನೀರಾಗ ಸ್ಟಾಪ್‌ಲಾಗ್, ಅಂದ್ರ ಗೇಟಿನ ಜಾಗಕ್ಕ ತಾತ್ಕಾಲಿಕ ಉಕ್ಕಿನ ಅಡ್ಡಪಟ್ಟಿ, ಇಳಿಸಿ ನಿಲ್ಲಿಸಿದ್ರು, ಅದು ಬ್ಯಾರೇ ದೊಡ್ಡ ಕತಿ. ಆದ್ರ ಹೊಸ ಗೇಟ್ ಕೂಡ್ಸೋ ಎಂಜಿನಿಯರ್‌ಗೆ ನಮ್ಮವ್ವನ ಅಳು ಬರದು ಕೊಟ್ರ ಅವ್ರೇನ್ ಮಾಡ್ಬೇಕು, ಅವ್ರಿಗೆ 60 ಅಡಿ ಅಗಲ 20 ಅಡಿ ಎತ್ತರ ಅನ್ನೋದು ಮೊದಲನೇ ಸಾಲಿನಾಗ ಬೇಕು. ನದಿ ದಂಡಿಯವ್ರಿಗೆ ಎರಡೂ ಬ್ಯಾಡ, ಎಷ್ಟೊತ್ತಿಗೆ ದನ ಬಿಚ್ಕೊಂಡು ಮ್ಯಾಲಕ್ಕ ಹೋಗ್ಬೇಕು ಅಷ್ಟ ಸಾಕು.

ಅವತ್ತ ಇನ್ನೊಂದು ಜಗಳ ಆತು, ಯೂನಿಟ್ ಮ್ಯಾಲ. ರಿಪೋರ್ಟಿನಾಗ ಎಸ್‌ಐ ಯೂನಿಟ್, ಅಂದ್ರ ಮೀಟರ್, ಕಿಲೋಗ್ರಾಂ ನಮೂನಿ ಅಳತಿ, ಬಳಸ್ಬೇಕು ಅಂತ ರೂಲು. ನಮ್ಮ ಕಡೆ ಯಾರಿಗಾದ್ರೂ ಡ್ಯಾಮಿನಾಗ 300 ಕೋಟಿ ಘನ ಮೀಟರ್ ನೀರೈತಿ ಅಂದ್ರ ತಿಳಿತೈತೇನು? ಅದ 105.788 ಟಿಎಂಸಿ (ಒಂದು ಟಿಎಂಸಿಗೆ ನೂರು ಕೋಟಿ ಘನ ಅಡಿ) ಅಂದ್ರ ಸಣ್ಣ ಹುಡುಗ್ರಿಗೂ ತಿಳಿತೈತಿ, ಡ್ಯಾಮ್ ಫುಲ್. ಮೊದ್ಲು 133 ಇತ್ತು, ಹೂಳು ತುಂಬಿ ಇಷ್ಟಕ್ಕ ಬಂದೈತಿ ಅಂತ ಟೀ ಅಂಗಡ್ಯಾಗ ಕೂತವ್ರೂ ಹೇಳ್ತಾರ. ನಮ್ಮಪ್ಪ ಏಳನೇತ್ತ ಓದಿದವ, ಹನ್ನೊಂದೂವರಿ ಸಾವಿರ ಕ್ಯೂಸೆಕ್ಸ್ (ಸೆಕೆಂಡಿಗೆ ಅಷ್ಟು ಘನ ಅಡಿ ನೀರು) ಒಂದ್ ದಿನ ಹರಿದ್ರ ಒಂದ್ ಟಿಎಂಸಿ ಅಂತ ಬಾಯಿ ಮ್ಯಾಲ ಲೆಕ್ಕ ಹಾಕ್ತಾನ. ನಾನು ಕ್ಯಾಲ್ಕುಲೇಟರ್ ಒತ್ತಿ ನೋಡ್ದೆ, 11,574 ಬಂತು, ಅಪ್ಪಂದ ಕರೆಕ್ಟ್. ಮೇಡಂ ಇದಕ್ಕ ಒಪ್ಪಿದ್ರು, ಓದೋರು ಟಿಎಂಸಿ ಮಂದಿ ಇದ್ರ ಟಿಎಂಸಿ ಬರಿ, ಪಕ್ಕಕ್ಕ ಘನ ಮೀಟರ್ ಕೊಡು, ಆದ್ರ ಒಂದ್ ಪುಟದಾಗ ಅದು, ಇನ್ನೊಂದ್ ಪುಟದಾಗ ಇದು ಮಾಡಬ್ಯಾಡ ಅಂದ್ರು.

ಸೀನಿಯರ್ ಹತ್ರ ಹಳೇ ಸಾಫ್ಟ್ ಕಾಪಿ ಇಸ್ಕೊಂಡು ಹೆಸರು ಬದ್ಲಿ ಮಾಡಿ ಕೊಡೋ ನಮ್ಮ ಪ್ಲಾನು ಎರಡನೇ ವಾರಕ್ಕ ಸತ್ತು ಹೋತು. ನಮ್ಮ ಬೆಂಚಿನವ ಒಬ್ಬ ಹಂಗ ಮಾಡಿ ಕೊಟ್ಟ, ಆದ್ರ ಅಕ್ನಾಲೆಡ್ಜ್‌ಮೆಂಟ್ ಪುಟದಾಗ ಸೀನಿಯರಿನ ಅವ್ವ ಅಪ್ಪನ ಹೆಸರು ಹಂಗ ಬಿಟ್ಟಿದ್ದ. ಯುಜಿಸಿಯ 2018ರ ರೂಲ್ಸ್ ಪ್ರಕಾರ ಬ್ಯಾರೇವ್ರ ಬರಹದ ಜೊತಿ ಹತ್ತು ಪರ್ಸೆಂಟ್ ತನಕ ಮ್ಯಾಚ್ ಆದ್ರ ದಂಡ ಇಲ್ಲ, ಅದಕ್ಕ ಮೀರಿದ್ರ ಮೊದ್ಲು ವಾಪಸ್ ಬರಿಯೋದು, ಇನ್ನೂ ಜಾಸ್ತಿ ಆದ್ರ ಇನ್ನೂ ದೊಡ್ಡ ಶಿಕ್ಷೆ. ಇವ್ನ ಪರ್ಸೆಂಟ್ ಎಷ್ಟು ಬಂತು ಅಂತ ಹೇಳ್ದ್ರ ಅವ್ನು ನನ್ನ ಜೊತಿ ಮಾತ್ ಬಿಡ್ತಾನ, ಹೋಗ್ಲಿ ಬಿಡ್ರಿ.

ಈಗ ನನ್ನ ಕತಿ. ಮೊದಲನೇ ಅಸೈನ್‌ಮೆಂಟು: ನೀವ ಕೈಯಾರೆ ಏನಾದ್ರೂ ಒಂದು ಅಳತಿ ಮಾಡಿ ಎರಡು ಪುಟ ರಿಪೋರ್ಟ್ ಬರೀರಿ, ನೆಟ್ಟಿಂದ ಏನೂ ತರೋ ಹಂಗಿಲ್ಲ. ನಮ್ಮ ಕಾಕಾ ಒಂದು ರೈಸ್ ಮಿಲ್ಲಿನಾಗ ಸೂಪರ್‌ವೈಸರ್ ಅದಾನ, ನಮ್ಮಪ್ಪ ಅದ ಮಿಲ್ಲಿಗೆ ಭತ್ತ ಹಾಕ್ತಾನ, ಹಿಂಗಾಗಿ ಸುಗ್ಗಿ ಬಂದ್ರ ನಮ್ಮನ್ಯಾಗ ಅಣ್ಣ ತಮ್ಮರ ನಡುವ ತೇವದ ಜಗಳ ಗ್ಯಾರಂಟಿ. ಅಪ್ಪ ಕಾಳು ಹಲ್ಲಿನಾಗ ಕಡದು, ಕಟ್ ಅಂತು ನೋಡು, ಒಣಗೈತಿ ಅಂತಾನ. ಕಾಕಾ ಮೀಟರಿನ ಬಟ್ಟಲಕ್ಕ ಕಾಳು ಸುರುವಿ, ಹದಿನೇಳು ತೋರ್ಸಾಕತ್ತೈತಣ್ಣ ಅಂತಾನ. ಈ ಹದಿನೇಳಕ್ಕ ಬೆಲಿ ಐತಿ, ಯಾಕಂದ್ರ ಸರ್ಕಾರ ಬೆಂಬಲ ಬೆಲಿಗೆ ಭತ್ತ ತಗೊಳ್ಳೋದು ತೇವ 17 ಪರ್ಸೆಂಟ್ ತನಕ ಇದ್ರ ಮಾತ್ರ, ಮತ್ತ ಗೋಡೌನಿನಾಗ ಕೆಡದಂಗ ಇಡ್ಬೇಕಂದ್ರ, ಮಿಲ್ಲಿಗೆ ಹಾಕ್ಬೇಕಂದ್ರ 14ಕ್ಕ ಇಳಿಸ್ಬೇಕು. ಹಂಗಾದ್ರ ಆ ಮೀಟರ್ ಖರೆ ಹೇಳ್ತೈತೋ ಇಲ್ಲೋ ನಾನ ನೋಡ್ತೀನಿ ಅಂತ ಹುಕಿ ಬಂತು. ಮಿಲ್ಲಿನಾಗ ಮೀಟರ್ 17.0 ತೋರಿಸಿದ ಭತ್ತಾನ ಗಾಳಿ ಆಡದಂಗ ಪ್ಲಾಸ್ಟಿಕ್ ಚೀಲದಾಗ ಗಂಟು ಹಾಕ್ಕೊಂಡು ಗಂಗಾವತಿ ಕಂಪ್ಲಿ ಮ್ಯಾಲಿಂದ ಬಸ್ಸಿಗೆ ಬಳ್ಳಾರಿಗೆ ಬಂದೆ, ಪಕ್ಕದಾಗ ಕೂತ ಅಜ್ಜ ಬೀಜದ ಭತ್ತ ಏನಪಾ ಅಂತ ಕೇಳ್ದ, ಪ್ರಯೋಗಕ್ಕರಿ ಅಂದ್ರ ನಂಬ್ಲಿಲ್ಲ.

ಕಾಲೇಜಿನ ಸಾಯಿಲ್ ಲ್ಯಾಬಿನಾಗ ಮಣ್ಣು ಒಣಗಿಸೋ ಓವನ್ ಐತಿ, 105 ಡಿಗ್ರಿ, ಒಂದ್ ದಿನ ಇಡ್ತಾರ. ಅಟೆಂಡರ್ ಅಣ್ಣನ್ನ ಕಾಡಿ ಬೇಡಿ ಮೂರು ಡಬ್ಬಿ ಇಸ್ಕೊಂಡು ಒಂದೊಂದಕ್ಕ 10.00 ಗ್ರಾಂ ಭತ್ತ ಹಾಕಿ ಇಟ್ಟೆ. ಮರುದಿನ ತೂಗಿದ್ರ 8.30, 8.31, 8.32. ಅಂದ್ರ ಸರಾಸರಿ 1.69 ಗ್ರಾಂ ನೀರು ಹೋಗೈತಿ. ಸಾಯಿಲ್ ಲ್ಯಾಬಿನಾಗ ಹೆಂಗ ಮಾಡ್ತೀವೋ ಹಂಗ ಲೆಕ್ಕ ಹಾಕ್ದೆ, 20.336943 ಪರ್ಸೆಂಟ್ ಬಂತು. ಮೀಟರ್ ಹದಿನೇಳು ಅಂತೈತಿ, ಖರೇನ ಇಪ್ಪತ್ತು ಐತಿ! ನನಗ ಆದ ಖುಷಿ ಏನ್ ಕೇಳ್ತೀರಿ, ರಿಪೋರ್ಟ್ ಬರಿಯೋಕ ಮೊದ್ಲ ಕಾಕಾಗ ಫೋನ್ ಹಚ್ಚಿ "ಕಾಕಾ, ನಿಮ್ ಮೀಟರ್ ಮೂರು ಪಾಯಿಂಟ್ ಕಮ್ಮಿ ತೋರ್ಸಾಕತ್ತೈತಿ" ಅಂದೆ. ಕಾಕಾ ಒಂದ್ ನಿಮಿಷ ಮಾತಾಡ್ಲಿಲ್ಲ. ಮೂರು ಪಾಯಿಂಟ್ ಅಂದ್ರ ಒಂದು ಚೀಲಕ್ಕ ಸುಮಾರು ಮೂರು ಕಿಲೋ ಲುಕ್ಸಾನು, ಮಾಲಕರಿಗೆ ಏನ್ ಹೇಳ್ಲಿ ಅಂತ ಗಾಬರಿ ಆಗ್ಯಾನ. ಅಪ್ಪಗ ಸುದ್ದಿ ಮುಟ್ಟಿ ಅವ್ನೂ ಫೋನ್ ಮಾಡ್ದ, "ಚಲೋ ಆತು, ಇದ್ದಂಗ ಇರ್ಲಿ, ನೀ ಸುಮ್ನಿರು."

ರಿಪೋರ್ಟ್ ಜೋರಾಗಿ ಬರದು ಕೊಟ್ಟೆ. ವಾಪಸ್ ಬಂದಾಗ ಕೆಂಪು ಪೆನ್ನಿನಾಗ ಎರಡ ಎರಡು ಪ್ರಶ್ನಿ ಇದ್ವು. ಮೊದಲನೇದು ಆ 20.336943ರ ಸುತ್ತ ವಟ್ಟ ಎಳದು, ತಕ್ಕಡಿ ತೋರಿಸೋದು ಎರಡು ಡೆಸಿಮಲ್, ಈ ಉಳಿದವು ಎಲ್ಲಿಂದ ಬಂದ್ವು? ಎರಡನೇದು: ಯಾವುದ್ರಿಂದ ಭಾಗ್ಸಿದಿ?

ಯಾವುದ್ರಿಂದ ಅಂದ್ರ? ಒಣಗಿದ ತೂಕದಿಂದ. ಮಣ್ಣಿಗೆ ಹಂಗ ಅಲ್ಲೇನು, ನೀರಿನ ತೂಕ ಮ್ಯಾಲ, ಒಣ ಮಣ್ಣಿನ ತೂಕ ಕೆಳಗ, ಅದಕ್ಕ ಕೆಲವು ಮೆತ್ತನ್ನ ಮಣ್ಣಿಗೆ ನೂರು ಪರ್ಸೆಂಟ್‌ಕಿಂತ ಜಾಸ್ತಿನೂ ತೇವ ಬರ್ತೈತಿ. ಕಾಳಿನ ವ್ಯಾಪಾರದಾಗ ಹಂಗಿಲ್ಲ. ಅಲ್ಲಿ ಒಟ್ಟು ಹಸಿ ತೂಕದಿಂದ ಭಾಗ್ಸ್ತಾರ. 1.69ನ್ನ 10ರಿಂದ ಭಾಗ್ಸಿದ್ರ 16.9. ಮೀಟರ್ ತೋರಿಸಿದ್ದು 17.0. ಅಂದ್ರ ಮೀಟರ್ ಸರಿನ ಐತಿ, ಕಾಕಾ ಸರಿನ ಅದಾನ, ನಾನ ಎರಡು ದಿನ ಅವ್ನ ನಿದ್ದಿ ಕೆಡಿಸಿದ್ದು. ಮಜಾ ಅಂದ್ರ ನನ್ನ ಗುಣಾಕಾರ ಭಾಗಾಕಾರದಾಗ ಒಂದೂ ತಪ್ಪಿಲ್ಲ, ತೇವ ಅಂದ್ರ ಯಾವ ತೇವ ಅಂತ ಒಂದ್ ಸಾಲು ಬರೀಲಿಲ್ಲ, ಅಷ್ಟ. ಬರದಿದ್ರ ಬರಿಯೋವಾಗ್ಲ ನನಗ ಹೊಳಿತಿತ್ತು ಅನ್ಸ್ತೈತಿ, ಯಾಕಂದ್ರ ಒಣ ತೂಕದ ಮ್ಯಾಲ ಅಂತ ಬರದು ಪಕ್ಕಕ್ಕ ಮೀಟರಿನ ನಂಬರ್ ಇಟ್ರ ಎರಡಕ್ಕೂ ಜೋಡಿ ಆಗೂದಿಲ್ಲಂತ ಕಣ್ಣಿಗೆ ಹೊಡಿತೈತಿ.

ಕಾಕಾಗ ಫೋನ್ ಮಾಡಿ ತಪ್ಪಾತು ಅಂದೆ. ಬೈಲಿಲ್ಲ. "ಎಂಜಿನಿಯರ್ ಆಗಿ ಡ್ಯಾಮ್ ಕಟ್ಟೋವಾಗ ಸ್ವಲ್ಪ ನೋಡ್ಕೊಂಡು ಭಾಗ್ಸಪಾ" ಅಂದ, ಅದು ಬೈಗಳಕ್ಕಿಂತ ಜಾಸ್ತಿ ಚುಚ್ಚಿತು.

ಎರಡನೇ ಸಲ ಬರಿಯಾಕ ಕೂತಾಗ ಉಳಿದ ಸಣ್ಣ ಸಣ್ಣವು ತಲಿಗೆ ಹತ್ತಿದ್ವು. ಅಬ್‌ಸ್ಟ್ರಾಕ್ಟ್, ಅಂದ್ರ ರಿಪೋರ್ಟಿನ ಸಾರಾಂಶ, ಮೊದಲನೇ ಪುಟದಾಗ ಇರ್ತೈತಿ ಆದ್ರ ಕಡೀಕ ಬರಿಬೇಕು, ನಾನು ಮೊದ್ಲ ಬರದು ಆಮ್ಯಾಲ ಅದಕ್ಕ ಹೊಂದಂಗ ರಿಸಲ್ಟ್ ಎಳದಾಡಿದ್ದೆ. ಟೇಬಲ್ಲಿನ ಹೆಸರು ಟೇಬಲ್ಲಿನ ಮ್ಯಾಲ, ಫಿಗರಿನ ಹೆಸರು ಫಿಗರಿನ ಕೆಳಗ. ರೆಫರೆನ್ಸ್ ನಂಬರ್ ಐಟ್ರಿಪಲ್‌ಇ (ಎಂಜಿನಿಯರ್‌ಗಳ ಒಂದು ಸಂಸ್ಥೆ) ಪದ್ಧತಿಯಾಗ ಎಬಿಸಿಡಿ ಪ್ರಕಾರ ಬರೂದಿಲ್ಲ, ಯಾವ್ದು ಮೊದ್ಲು ಬಂತೋ ಅದು ಒಂದು. ಹೆಡಿಂಗ್‌ಗಳಿಗೆ ಕೈಯಿಂದ ಬೋಲ್ಡ್ ಮಾಡ್ಕೋತ ಕೂಡೋ ಬದ್ಲಿ ವರ್ಡ್‌ನಾಗ ಸ್ಟೈಲ್ ಹಚ್ಚಿದ್ರ ಪರಿವಿಡಿ ತಾನ ಆಗ್ತೈತಿ, ಇದನ್ನ ಯಾರಾದ್ರೂ ಪಿಯುಸಿಯಾಗ ಹೇಳಿದ್ರ ನನ್ನ ಎಷ್ಟು ರಾತ್ರಿ ಉಳಿತಿದ್ವು.

ಇನ್ನ ಆ ಪ್ಯಾಸಿವ್ ವಾಯ್ಸು. "ಮಾದರಿಯನ್ನು ತೂಗಲಾಯಿತು, ಒಣಗಿಸಲಾಯಿತು" ಅನ್ನೋ ನಮೂನಿ ಇಂಗ್ಲಿಷ್. ನಮ್ಮ ಮನ್ಯಾಗ ಯಾರೂ ಹಂಗ ಮಾತಾಡಂಗಿಲ್ಲ, ಅದು ಸರ್ಕಾರಿ ಆದೇಶದ ಭಾಷಾ, ಕೆಲಸ ಆಗಿರ್ತೈತಿ ಮಾಡಿದವ್ರು ಸಿಗಂಗಿಲ್ಲ. ನಾನು ನೇರ ಕೇಳ್ದೆ, ನಾನು ತೂಗಿದೆ ಅಂತ ಬರದ್ರ ಏನಾಗ್ತೈತಿ ಮೇಡಂ? ಬರಿ, ಆದ್ರ ಡಬ್ಬಿ ತೂಗಿದ್ದು ನೀನ ಏನು ಅಂದ್ರು. ಮರುದಿನ ಮುಂಜಾನಿ ನಾನು ಲೇಟಾಗಿ ಹೋಗಿದ್ದೆ, ತೂಗಿ ಬರದಿಟ್ಟಿದ್ದು ಅಟೆಂಡರ್ ಅಣ್ಣ. ಅದನ್ನೂ ಬರದೆ. ಕಾಳಿಗೆ ಅಂತ ಇರೋ ವಿಧಾನದಾಗ 130 ಡಿಗ್ರಿ ಇಡ್ತಾರ, ನಮ್ಮ ಓವನ್ ಮಣ್ಣಿಗೆ ಸೆಟ್ ಮಾಡಿದ್ದು, ಹಂಗಾಗಿ ಸ್ವಲ್ಪ ನೀರು ಕಾಳಿನಾಗ ಉಳಿದಿರಬಹುದು ಅನ್ನೋದನ್ನೂ ಬರದೆ. ಮೊದಲನೇ ಸಲ ಇದನ್ನ ಮುಚ್ಚಿಟ್ಟಿದ್ದೆ, ಮಾರ್ಕ್ಸ್ ಹೋಗ್ತಾವ ಅಂತ.

ಮತ್ತ ಓದೋರು ಯಾರು ಅನ್ನೋದು. ಈ ಸಲ ಓದೋರು ನಮ್ಮ ಕಾಕಾ ಅಂತ ಹಾಳಿ ಮೂಲ್ಯಾಗ ಪೆನ್ಸಿಲಿಂದ ಬರ್ಕೊಂಡೆ. ಕಾಕಾಗ ಪರ್ಸೆಂಟ್ ಬ್ಯಾಡ, ಚೀಲಕ್ಕ ಎಷ್ಟು ಕಿಲೋ ಅನ್ನೋದು ಬೇಕು. 75 ಕಿಲೋ ಚೀಲ, ಹದಿನೇಳರಿಂದ ಹದಿನಾಲ್ಕಕ್ಕ ಒಣಗಿದ್ರ ಎಷ್ಟು ಉಳಿತೈತಿ? ನಾನು ಮತ್ತ ಗಡಬಡಿಸಿ ಮೂರು ಪರ್ಸೆಂಟ್ ಕಳದು ಎರಡೂಕಾಲು ಕಿಲೋ ಅಂತ ಬರದೆ, ಆಮ್ಯಾಲ ಒರಸಿದೆ, ಒಣಗಿದ ಮ್ಯಾಲ ಚೀಲದ ತೂಕಾನ ಬ್ಯಾರೆ ಆಗಿರ್ತೈತಲ್ಲ. ಚೀಲದಾಗ ನೀರು ಬಿಟ್ಟು ಉಳಿದ ಮಾಲು 62.25 ಕಿಲೋ, ಅದನ್ನ 0.86ರಿಂದ ಭಾಗ್ಸಿದ್ರ 72.4. ಅಂದ್ರ ಚೀಲಕ್ಕ 2.6 ಕಿಲೋ ಕಮ್ಮಿ. ಇದನ್ನ ಮೊದಲನೇ ಸಾಲಿನಾಗ ಇಟ್ಟೆ, ಮೀಟರ್ ಸರಿ ಐತಿ ಅನ್ನೋದನ್ನ ಎರಡನೇ ಸಾಲಿನಾಗ.

ಮೇಡಂ ಹತ್ತಕ್ಕ ಏಳು ಕೊಟ್ರು, ಸ್ಪೆಲ್ಲಿಂಗಿಗೆ ಒಂದು, ಗ್ರಾಫಿನ ಎಕ್ಸ್ ಆಕ್ಸಿಸ್ಸಿಗೆ ಹೆಸರಿಲ್ಲದ್ದಕ್ಕ ಎರಡು ಕಟ್. ನಾನು ಮೊದಲನೇ ನಾಲ್ಕು ಸಾಲು ಕನ್ನಡದಾಗ ಟೈಪ್ ಮಾಡಿ ಕಾಕಾಗ ವಾಟ್ಸಪ್ ಮಾಡ್ದೆ. ರಾತ್ರಿ ಒಂಬತ್ತಕ್ಕ ವಾಯ್ಸ್ ಮೆಸೇಜ್ ಬಂತು, ಹಿಂದ ಡ್ರೈಯರ್ ಸಪ್ಪಳ, ಹಮಾಲರ ಗದ್ದಲ: "ಎಲ್ಲಾ ಓದಿದೆ. ಎರಡು ಕಿಲೋ ಆರನೂರು ಗ್ರಾಂ ಅಂತ ಬರದೀಯಲ್ಲ, ನಾವು ಇಷ್ಟ್ ವರ್ಷ ಎರಡೂವರಿ ಹಿಡ್ಕೋತ ಬಂದೀವಿ. ಹಂಗಾದ್ರ ಚೀಲಕ್ಕ ನೂರು ಗ್ರಾಂ ಯಾರ ಕಿಸೆಕ್ಕ ಹೋಗಾಕತ್ತೈತಿ? ಅದನ್ನೂ ಬರದು ಕಳ್ಸು."

ಅದನ್ನ ಅಪ್ಪಗ ಫಾರ್ವರ್ಡ್ ಮಾಡ್ದೆ. ಎರಡ ನಿಮಿಷದಾಗ ಉತ್ರ ಬಂತು, "ಅದಕ್ಕ ಮಾತ್ರ ರಿಪೋರ್ಟ್ ಬರಿಬ್ಯಾಡ."