ಹಾಲು ಬಂದಿಲ್ಲ ಅನ್ನುವ ಆ ಎರಡನೇ ದಿನ

ಮಡಿಕೇರಿಯಿರಲಿ ಪೊನ್ನಂಪೇಟೆಯಿರಲಿ, ಹೆರಿಗೆಯಾದ ಎರಡನೇ ದಿನ ಬಾಣಂತಿಯ ಮಂಚದ ಪಕ್ಕ ಕೇಳುವ ಮಾತು ಒಂದೇ: "ಹಾಲೇ ಇಳಿದಿಲ್ಲ, ಡಬ್ಬಿ ಹಾಲು ತರೋಣವಾ?" ಬೇಡ. ಎರಡನೇ ದಿನಕ್ಕೆ ಹಾಲು ತುಂಬದಿರುವುದೇ ಸಹಜ.

ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಬಸಿರಿನಲ್ಲೇ ಏರಿರುತ್ತದೆ. ಆದರೆ ಮಾಸಿನಿಂದ ಬರುವ ಇನ್ನೊಂದು ಹಾರ್ಮೋನು ಪ್ರೊಜೆಸ್ಟರಾನ್ ಅದನ್ನು ತಡೆದಿಟ್ಟಿರುತ್ತದೆ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಕುಸಿಯುತ್ತದೆ, ಎದೆ ತುಂಬುವುದಕ್ಕೆ ಅಲ್ಲಿಂದ ಎರಡು ಮೂರು ದಿನ ಬೇಕು. ಮೊದಲ ಹೆರಿಗೆ, ಸಿಸೇರಿಯನ್, ಸಕ್ಕರೆ ಕಾಯಿಲೆ ಇದ್ದರೆ ಇನ್ನಷ್ಟು ತಡ. ನಾಲ್ಕು ದಿನವಾದರೂ ಎದೆ ಭಾರವಾಗದೆ ರಕ್ತಸ್ರಾವವೂ ನಿಲ್ಲದಿದ್ದರೆ ಮಾಸಿನ ಚೂರು ಒಳಗೆ ಉಳಿದಿರಬಹುದು. ಕೂಡಲೇ ಡಾಕ್ಟರಿಗೆ ತೋರಿಸಬೇಕು. ಎದೆ ತುಂಬುವವರೆಗೆ ಹನಿಹನಿಯಾಗಿ ಬರುವ ಹಳದಿ ಗಿಣ್ಣು ಹಾಲೇ ಮಗುವಿಗೆ ಸಾಕು. ಮೊದಲ ದಿನ ಒಂದು ಸಲಕ್ಕೆ ಒಂದು ಟೀ ಚಮಚದಷ್ಟು ಕುಡಿದರೂ ಸರಿಯೇ.

ತಯಾರಾದ ಹಾಲನ್ನು ಹೊರಗೆ ತಳ್ಳುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ಹೆರಿಗೆಯಲ್ಲಿ ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತಿದಷ್ಟೂ ಇದು ಹೆಚ್ಚು ಸುರಿದು ನೋವು ಬಿಗಿಯಾಗುತ್ತದೆ. ಮಗು ಹುಟ್ಟಿದ ಕೂಡಲೇ ತೊಡೆಗೆ ಕೊಡುವ 10 ಯೂನಿಟ್ ಇಂಜೆಕ್ಷನ್ನೂ ಇದೇ, ರಕ್ತಸ್ರಾವ ತಡೆಯಲು. ಹಾಲೂಡುವಾಗ ಕಿಬ್ಬೊಟ್ಟೆ ಹಿಂಡಿದಂತಾದರೆ, ಎರಡನೇ ಹೆರಿಗೆಯವರಿಗೆ ಇದು ಜೋರು, ಹಾರ್ಮೋನು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಕರು ಬಿಡದೆ ಹಸು ಹಾಲು ಬಿಡುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ನೋವು, ಹೆದರಿಕೆ, ಸುತ್ತ ನಾಲ್ಕು ಜನರ ಟೀಕೆ ಇದ್ದರೆ ಹಾಲು ಇದ್ದರೂ ಇಳಿಯದು. ಚಳಿಗೆಂದು ಬಾಣಂತಿಗೆ ಕೊಡುವ ಬ್ರಾಂದಿಯೂ ಅದೇ ಕೇಡು ಮಾಡುತ್ತದೆ: ಮದ್ಯ ಆಕ್ಸಿಟೋಸಿನ್ನನ್ನು ಅಡಗಿಸುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲಿಡಿ, ಚಳಿಗೂ ಆಯಿತು ಹಾಲಿಗೂ ಆಯಿತು.

ಕಾಫಿ ಕೊಯ್ಲಿಗೆ ಹೋಗುವ ತಾಯಂದಿರ ತೊಂದರೆ ಬೇರೆ. ಬೆಳಿಗ್ಗೆಯಿಂದ ಸಂಜೆವರೆಗೆ ಎದೆ ಖಾಲಿಯಾಗದಿದ್ದರೆ ಅದು ತಾನಾಗಿ ತಯಾರಿಕೆ ತಗ್ಗಿಸುತ್ತದೆ, ಗಟ್ಟಿಯಾಗಿ ಜ್ವರವೂ ಬರಬಹುದು. ಮೂರು ಗಂಟೆಗೊಮ್ಮೆ ಕೈಯಿಂದ ಹಿಂಡಬೇಕು. ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನೇ ಹಿಂಡಿದರೆ ನೋವಷ್ಟೇ ಲಾಭ. ಕುದಿಸಿದ ಸ್ಟೀಲ್ ಲೋಟದಲ್ಲಿ ಮುಚ್ಚಿಟ್ಟರೆ ನೆರಳಲ್ಲಿ ನಾಲ್ಕು ಗಂಟೆ ಕೆಡದು. ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಿರುವುದರಿಂದ ರಾತ್ರಿಯ ಹಾಲು ಮಾತ್ರ ತಪ್ಪಿಸಬಾರದು.

ಸಾಕಾಗುತ್ತಿದೆಯೇ ಎಂದು ತಿಳಿಯಲು ಐದನೇ ದಿನದಿಂದ ಒದ್ದೆ ಬಟ್ಟೆ ಎಣಿಸಿ: ದಿನಕ್ಕೆ ಆರಾದರೂ ಇರಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಡೈಪರ್ ಹಾಕಿದರೆ ಈ ಲೆಕ್ಕ ತಪ್ಪುತ್ತದೆ. ಆಗ ಆಶಾ ಕಾರ್ಯಕರ್ತೆ ಬಂದಾಗ ಮಗುವಿನ ತೂಕ ಹಾಕಿಸಿ. ಹುಟ್ಟಿದ ತೂಕಕ್ಕಿಂತ ನೂರಕ್ಕೆ ಹತ್ತು ಭಾಗ ಇಳಿದಿದ್ದರೆ ಅಂದೇ ಆಸ್ಪತ್ರೆಗೆ ಹೊರಡಿ.