ಹುಡುಗ ತಯಾರ್ ಆಗ್ಯಾನಲ್ರೀ, ಇನ್ನ ಏನ್ ಕಮ್ಮಿ ಐತಿ?

ಧಾರವಾಡದಲ್ಲಿ ಹಾಡು ಕಲಿಸುವವನಿಗೆ ಈ ಪ್ರಶ್ನೆ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಮದುವೆ ಊಟದ ಪಂಕ್ತಿಯಲ್ಲಿ ಸಿಗುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದು ಮಲಗಿದ್ದಾಗಲೂ ಸಿಕ್ಕಿತು. ಕೇಳಿದವರು ಡಾಕ್ಟರೇ, ಅವರ ಮಗಳು ಹಾಡುತ್ತಾಳೆ. ಬಾಯಿ ತುಂಬ ಹತ್ತಿ ಇದ್ದದ್ದರಿಂದ ಅವತ್ತು ನನ್ನ ಉತ್ತರ ಎಂದಿಗಿಂತ ಚಲೋ ಇತ್ತು. ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

‘ತಯಾರಿ’ ಎಂಬುದು ನಮ್ಮ ಹಿಂದೂಸ್ತಾನಿ ಸಂಗೀತದವರ ಮಾತು. ಗಂಟಲು ಮೇಲೆ ಕೆಳಗೆ ಸರಾಗ ಓಡಬೇಕು, ತಾನಿನಲ್ಲಿ, ಅಂದರೆ ಸ್ವರಗಳ ವೇಗದ ಓಟದಲ್ಲಿ, ಒಂದೊಂದು ಸ್ವರವೂ ಕಾಳು ಕಾಳಾಗಿ ಉದುರಬೇಕು, ಎಲ್ಲಿ ಹೋದರೂ ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಬೀಳಬೇಕು. ಇಷ್ಟಾದರೆ ಹುಡುಗ ತಯಾರ್. ಇಷ್ಟು ಆಗುವುದೇನು ಸಣ್ಣ ಮಾತಲ್ಲ, ವರ್ಷಗಟ್ಟಲೆ ಪಲಟಾ ಎಂಬ ಸ್ವರಾಭ್ಯಾಸ ತಿಕ್ಕಬೇಕು. ನನಗೆ ಉರಿಯುವುದು ಪ್ರಶ್ನೆಯ ಬಾಲದಲ್ಲಿರುವ ‘ಕಮ್ಮಿ’. ಸಾರಿಗೆ ಉಪ್ಪು ಕಮ್ಮಿಯಾದ ಹಾಗೆ! ಮಾಸ್ತರ್ ಡಬ್ಬಿಯಲ್ಲಿ ಅದನ್ನು ಮುಚ್ಚಿಟ್ಟುಕೊಂಡಿದ್ದಾನೆ, ಫೀ ಹೆಚ್ಚು ಕೊಟ್ಟರೆ ಎರಡು ಚಮಚ ಹಾಕುತ್ತಾನೆ ಎಂಬ ಗುಮಾನಿ ಆ ದನಿಯಲ್ಲಿರುತ್ತದೆ.

ಎರಡು ವರ್ಷದ ಹಿಂದೆ ಒಂದು ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಹನ್ನೆರಡು ವರ್ಷದ ಹುಡುಗ, ರೇಷ್ಮೆ ಜುಬ್ಬಾ, ರಾಗ ಪೂರಿಯಾ. ಮೊದಲ ಒಂದೆರಡು ನಿಮಿಷ ಗುರು ಹೇಳಿಕೊಟ್ಟಂತೆ ಹಾಡಿದ, ಎಲ್ಲ ಸರಿಯಿತ್ತು. ಆಮೇಲೆ ತಾನ್ ಶುರುವಾಯಿತು. ತಬಲಾದವನೇ ಹುಡುಗನ ಮುಖ ನೋಡತೊಡಗಿದ. ಒಂದು ಸಪಾಟ್ ತಾನ್ ಮೇಲಿನ ಷಡ್ಜ ದಾಟಿ ಹೋಗಿ ಇಳಿದು ಬಂದಾಗ ಸಭೆಗೆ ಸಭೆಯೇ ಚಪ್ಪಾಳೆ. ನಾನು ಕೊಟ್ಟದ್ದು ಎರಡನೇ ಬಹುಮಾನ.

ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ತಾಳಿ. ಪೂರಿಯಾ, ಮಾರವಾ, ಸೋಹನಿ, ಮೂರಕ್ಕೂ ಸ್ವರಗಳು ಅವೇ. ರಿಷಭ ಕೋಮಲ, ಮಧ್ಯಮ ತೀವ್ರ, ಪಂಚಮ ಇಲ್ಲ. ಮೈಸೂರು ಕಡೆಯವರ ಕರ್ನಾಟಕ ಸಂಗೀತದ ಹಂಸಾನಂದಿಯೂ ಹೆಚ್ಚುಕಡಿಮೆ ಇದೇ ಸಾಮಾನು. ಕಾಗದದ ಮೇಲೆ ಬರೆದರೆ ವ್ಯತ್ಯಾಸ ಕಾಣುವುದಿಲ್ಲ. ಪೂರಿಯಾದ ಜೀವ ಕೆಳಗೆ, ಮಂದ್ರದ ನಿಷಾದದಲ್ಲಿ, ಆಮೇಲೆ ಗಾಂಧಾರದಲ್ಲಿ. ರಿಷಭವನ್ನು ಅದು ಮುಟ್ಟಿ ಹೋಗುತ್ತದೆ, ಅಲ್ಲಿ ಕೂರುವುದಿಲ್ಲ. ಅದೇ ರಿಷಭದ ಮೇಲೆ, ಧೈವತದ ಮೇಲೆ ಕಾಲೂರಿ ಷಡ್ಜವನ್ನು ಕಾಯಲು ಬಿಟ್ಟಿರೋ, ಮಾರವಾ ಬಂತು. ಮೇಲಿನ ಷಡ್ಜದ ಸುತ್ತ ಓಡಾಡಿದಿರೋ, ಸೋಹನಿ. ಅಂದರೆ ರಾಗ ಇರುವುದು ಎಲ್ಲಿ ನಿಂತಿರಿ, ಎಷ್ಟು ಹೊತ್ತು ನಿಂತಿರಿ, ಎಲ್ಲಿ ನಿಲ್ಲದೆ ಹೋದಿರಿ ಎಂಬುದರಲ್ಲಿ. ತಾನಿನ ಓಟದಲ್ಲಿ ನಿಲ್ಲುವುದಕ್ಕೆ ಜಾಗ ಎಲ್ಲಿದೆ? ಓಡುತ್ತಲೇ ಪೂರಿಯಾವನ್ನು ಬಿಡದೆ ಹಿಡಿದಿರಬೇಕು ಎಂದರೆ ಅದು ಮೊದಲು ಮೈಯಲ್ಲಿ ಇಳಿದಿರಬೇಕು. ಹುಡುಗ ಪೂರಿಯಾದಿಂದ ಹೊರಟು, ಮಾರವಾದಲ್ಲಿ ಚಾ ಕುಡಿದು, ಸೋಹನಿಯಲ್ಲಿ ಇಳಿದ. ಒಂದು ಸ್ವರವೂ ತಪ್ಪಲಿಲ್ಲ. ಒಂದು ಟಿಕೀಟಿಗೆ ಮೂರು ಸಿನೆಮಾ.

ಬಹುಮಾನ ಹಂಚಿದ ಮೇಲೆ ಅವರಪ್ಪ ಮೊಬೈಲ್ ಹಿಡಿದು ಬಂದರು. ವಿಡಿಯೋ ಆಗಲೇ ಆ ತಾನಿಗೆ ತಂದು ನಿಲ್ಲಿಸಿದ್ದರು.

“18 ಸೆಕೆಂಡ್ ರೀ ಸರ್, ಒಂದ ಉಸಿರಿನ್ಯಾಗ. ಟೈಮ್ ಹಚ್ಚಿ ನೋಡೇನಿ. ಎಲ್ಲೆರ ಸ್ವರ ತಪ್ಪೇತೇನು?”

“ಇಲ್ಲ.”

“ತಾಳ?”

“ಇಲ್ಲ.”

“ಮತ್ತ? ಇನ್ನ ಏನ್ ಕಮ್ಮಿ ಐತಿ?”

ಮೇಲೆ ಬರೆದದ್ದನ್ನು ಅಲ್ಲೇ ಹೇಳಬಹುದಿತ್ತು. ಹಿಂದೆ ಕುರ್ಚಿ ಮಡಚುತ್ತಿದ್ದರು, ನನಗೆ ಬಸ್ಸಿಗೆ ಹೊತ್ತಾಗಿತ್ತು. “ಇನ್ನ ಮಾಗಬೇಕ್ರಿ” ಅಂದುಬಿಟ್ಟೆ.

“ಮಾಗಾಕ ಅವನೇನ್ ಮಾವಿನಕಾಯಿ ಏನ್ರಿ? ಹುಲ್ಲಾಗ ಮುಚ್ಚಿ ಇಡ್ಲೇನು?”

ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಉತ್ತರ ಹೊಳೆಯಿತು: ಹುಲ್ಲಿನಲ್ಲಿ ಇಟ್ಟರೆ ಅಡ್ಡಿಯಿಲ್ಲ ಮಾರಾಯ್ರೇ, ನೀವು ಕಾರ್ಬೈಡ್ ಹಾಕುತ್ತಿದ್ದೀರಿ. ಬಸ್ಸಿನಲ್ಲಿ ಹೊಳೆದ ಉತ್ತರಕ್ಕೆ ಕವಡೆ ಕಿಮ್ಮತ್ತಿಲ್ಲ ಎಂಬುದು ಗೊತ್ತಿದ್ದದ್ದೇ.

ಆದರೆ ಅವರ ಸಿಟ್ಟಿನಲ್ಲಿ ಅರ್ಧ ಸತ್ಯವಿತ್ತು, ಅದನ್ನೂ ಬರೆಯದೆ ಇರುವುದು ಸರಿಯಲ್ಲ. ‘ಇನ್ನೂ ಮಾಗಬೇಕು’ ಎಂಬುದು ನಮ್ಮ ಮಾಸ್ತರ ಮಂದಿಯ ಅಡಗುದಾಣ. ಬಿಡಿಸಿ ಹೇಳಲು ಬಾರದಾಗ ಅನ್ನುತ್ತೇವೆ, ಹುಡುಗ ನಮಗಿಂತ ಜೋರಾಗಿ ಹಾಡಿದಾಗಲೂ ಅನ್ನುತ್ತೇವೆ. ಐವತ್ತು ದಾಟಿ ಉಸಿರು ಸಾಲದಾದಾಗ ಗಾಯಕರೆಲ್ಲ ಸಾಲಾಗಿ ‘ಭಾವ’ದ ಪಕ್ಷಕ್ಕೆ ಸೇರಿಬಿಡುತ್ತಾರೆ. ನನಗೂ ಐವತ್ಮೂರು, ಸದಸ್ಯತ್ವ ಹೊಸದಾಗಿ ಸಿಕ್ಕಿದೆ. ನನ್ನ ತಾನ್ ಈಗ 7 ಸೆಕೆಂಡೂ ಬಾರದು. ಆದ್ದರಿಂದ ನನ್ನ ಮಾತನ್ನು ಸ್ವಲ್ಪ ಸೋಡಿ ಬಿಟ್ಟೇ ಕೇಳಿ.

ಇನ್ನೊಂದು ವಾದ ಇದೆ, ಇದಂತೂ ಪ್ರತಿಸಲ ಬರುತ್ತದೆ: “ಕುಮಾರ ಗಂಧರ್ವರು ಸಣ್ಣವರಿದ್ದಾಗನ ಕಛೇರಿ ಮಾಡ್ತಿದ್ರಲ್ಲ?” ಮಾಡುತ್ತಿದ್ದರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ದೊಡ್ಡ ದೊಡ್ಡ ಉಸ್ತಾದರ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿ ಇದ್ದದ್ದು ಇದ್ದಹಾಗೆ ಹಾಡಿ ತೋರಿಸುತ್ತಿದ್ದ. ‘ಕುಮಾರ ಗಂಧರ್ವ’ ಎಂಬ ಬಿರುದು ಬಂದದ್ದೇ ಆ ವಯಸ್ಸಿಗೆ. ಕತೆ ಇಲ್ಲಿಗೇ ಮುಗಿದಿದ್ದರೆ ಇವತ್ತು ನೀವು ಆ ಹೆಸರು ತೆಗೆಯುತ್ತಿರಲಿಲ್ಲ. ಮನೆಯವರು ಹುಡುಗನನ್ನು ಮುಂಬೈಗೆ ಬಿ.ಆರ್. ದೇವಧರರ ಹತ್ತಿರ ಕಲಿಯಲು ಬಿಟ್ಟರು. ಮುಂದೆ ಇಪ್ಪತ್ತರ ಹರೆಯದಲ್ಲಿ ಕ್ಷಯ ಬಂತು, ಮಧ್ಯಪ್ರದೇಶದ ದೇವಾಸಿಗೆ ಹೋಗಿ ಮಲಗಿದರು, ಐದಾರು ವರ್ಷ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿದ್ದು ಮಾಳವದ ಹೆಂಗಸರ ಹಾಡು ಕೇಳಿದರು. ಸ್ಟ್ರೆಪ್ಟೊಮೈಸಿನ್ ಔಷಧ ಬಂದು ಎದ್ದು ಕೂತ ಮೇಲೆ ಉಳಿದದ್ದು ಮೊದಲಿನ ಉಸಿರಲ್ಲ. ತುಂಡು ತುಂಡು ಸ್ವರಗುಚ್ಛ, ನಡುವೆ ಮೌನ, ಥಟ್ಟನೆ ಮೇಲೆ ಎಸೆದ ಒಂದು ದನಿ. ನಾವು ಇವತ್ತು ಕುಮಾರ ಗಂಧರ್ವ ಅನ್ನುವುದು ಅದಕ್ಕೆ. ಬಾಲಕನ ಉದಾಹರಣೆ ಕೊಡುವವರು ಹಾಸಿಗೆಯನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಮನಸೂರರದ್ದಂತೂ ಇಲ್ಲಿಂದ ಕೂಗಳತೆಯ ಊರು. ಎಚ್‌ಎಂವಿ ತಟ್ಟೆಗಳು ಹೊರಬಂದು ಹೆಸರಾಗಿದ್ದ ಮಲ್ಲಿಕಾರ್ಜುನ ಮನಸೂರ, ಜೈಪುರ ಘರಾಣೆಯ ಉಸ್ತಾದ ಮಂಜಿಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಮಂಜಿಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿಖಾನರ ಮುಂದೆ. ತಯಾರಾದವರು ಮತ್ತೆ ಕಚ್ಚಾ ಆಗಲು ಒಪ್ಪಿದ್ದರು. ನಿಮ್ಮ ಹುಡುಗನ ಎರಡನೇ ಬಹುಮಾನಕ್ಕೆ ನೀವು ಒಪ್ಪಿರಲಿಲ್ಲ.

ಹೋಗಲಿ ಬಿಡಿ, ಸಿಟ್ಟು ಬರುತ್ತದೆ. ಯಾರಾದರೂ ನನ್ನನ್ನು ಬೇರೊಂದು ಪ್ರಶ್ನೆ ಕೇಳಲಿ ಎಂದು ಎಷ್ಟು ವರ್ಷದಿಂದ ಕಾಯುತ್ತಿದ್ದೇನೆ. “ಸರ್, ಹುಡುಗನ ದನಿ ಒಡೆದ ಮೇಲೆ ಏನು ಮಾಡಬೇಕು?” ಹನ್ನೆರಡು ವರ್ಷದ ಗಂಡುಹುಡುಗನ ತಯಾರಿಗೆ ಇನ್ನೊಂದೆರಡು ವರ್ಷದ ಆಯುಷ್ಯ. ಆಮೇಲೆ ಗಂಟಲೇ ಬದಲಾಗುತ್ತದೆ. ಈ ವಿಚಾರ ಒಬ್ಬ ತಂದೆಯ ಬಾಯಲ್ಲೂ ಬಂದಿಲ್ಲ. ಬೈಸಿಕಲ್ ಕೊಳ್ಳುವಾಗ ಹುಡುಗ ಎತ್ತರವಾಗುತ್ತಾನೆ ಎಂದು ಲೆಕ್ಕ ಹಾಕುವವರು ಹಾಡಿಗೆ ಆ ಲೆಕ್ಕ ಹಾಕುವುದಿಲ್ಲ.

ನನ್ನದು ಒಡೆದದ್ದು ಗಣಪತಿ ಪೆಂಡಾಲಿನಲ್ಲಿ, ಹದಿನಾಲ್ಕರಲ್ಲಿ. ಮೇಲಿನ ಷಡ್ಜಕ್ಕೆ ಹೋದೆ, ಅಲ್ಲಿ ಷಡ್ಜ ಇರಲಿಲ್ಲ, ಆಡಿನ ದನಿ ಇತ್ತು. ಮುಂದಿನ ಸಾಲಿನ ಹುಡುಗರು ಒಂದು ವಾರ ನನ್ನನ್ನು ‘ಮ್ಯಾಂ’ ಎಂದೇ ಕರೆದರು. ಗುರುಗಳ ಮನೆಗೆ ಹೋಗಿ ಅತ್ತೆ. ಅವರು ಸಮಾಧಾನ ಹೇಳುವ ಪೈಕಿ ಅಲ್ಲ. “ಮ್ಯಾಲ ಹೋಗಬ್ಯಾಡ. ತಂಬೂರಿ ಕೂಡಸು” ಅಂದರು.

ಹಿಡಿಸಿದ್ದು ಪೂರಿಯಾ. ಅದಕ್ಕೆ ಪಂಚಮ ಇಲ್ಲವಲ್ಲ, ಸಾಮಾನ್ಯವಾಗಿ ಪಂಚಮಕ್ಕೆ ಇರುವ ತಂಬೂರಿಯ ಮೊದಲ ತಂತಿಯನ್ನು ಮಂದ್ರ ನಿಷಾದಕ್ಕೆ ಕೂಡಿಸಬೇಕು. ಬೆಳಿಗ್ಗೆ ಆರಕ್ಕೆ ಕೂತರೆ ಬಿರಡೆ ತಿರುಗಿಸು, ಮಣಿ ಸರಿಸು, ತಂತಿ ಹಾದುಹೋಗುವ ಕುದುರೆಯ ಮೇಲಿನ ದಾರವನ್ನು ಕೂದಲೆಳೆಯಷ್ಟು ಈಚೆಗೆ ತಾ, ಮತ್ತೆ ಕೇಳು. ಅವರು ಒಳಗೆ ಅಡುಗೆಮನೆಯಿಂದಲೇ “ಇಲ್ಲ” ಅನ್ನುತ್ತಿದ್ದರು. ಸುಮಾರು ಎರಡು ತಿಂಗಳು ಕಛೇರಿ ಇಲ್ಲ, ತಾನ್ ಇಲ್ಲ. ಸಿಕ್ಕ ನಾಲ್ಕೈದು ಸ್ವರದಲ್ಲಿ, ಗೊಗ್ಗರು ಗಂಟಲಲ್ಲಿ, ನಿಷಾದದಿಂದ ಗಾಂಧಾರಕ್ಕೆ, ಗಾಂಧಾರದಿಂದ ನಿಷಾದಕ್ಕೆ. ಬೇಸರದಿಂದ ಸಾಯುವಂತಾಗುತ್ತಿತ್ತು. ಒಂದು ದಿನ ಆ ನಿಷಾದದ ಮೇಲೆ ದನಿ ಇಟ್ಟೆ, ದನಿ ಯಾವುದು ತಂತಿ ಯಾವುದು ತಿಳಿಯಲಿಲ್ಲ. ಒಳಗಿನಿಂದ “ಇಲ್ಲ” ಬರಲಿಲ್ಲ. ಸೌಟಿನ ಸಪ್ಪಳವೂ ನಿಂತಿತ್ತು. ಪೂರಿಯಾ ನನಗೆ ಸಿಕ್ಕದ್ದು ಹೀಗೆ, ಮೇಲಿನ ಸ್ವರಗಳ ಮಹಡಿಗೆ ಬೀಗ ಬಿದ್ದಿತ್ತು ಎಂದು. ಬೀಗ ಬೀಳದಿದ್ದರೆ ನಾನೂ ಸೋಹನಿಯಲ್ಲೇ ಇಳಿಯುತ್ತಿದ್ದೆ.

ಆ ಹುಡುಗನಿಗೆ ಈಗ ಹದಿನಾಲ್ಕಾಗಿರಬೇಕು. ಅವರಪ್ಪ ಇದನ್ನು ಓದಿದರೆ: ದನಿ ಒಡೆದಿದ್ದರೆ ಹೆದರಬೇಡಿ, ಒತ್ತಾಯದಿಂದ ಮೇಲೆ ಹಾಡಿಸಬೇಡಿ, ಸ್ಪರ್ಧೆಗಳನ್ನು ಒಂದು ವರ್ಷ ಬಿಡಿ. ಬೆಳಿಗ್ಗೆ ಆರಕ್ಕೆ ಕಳಿಸಿ, ಮೊಬೈಲ್ ಮನೆಯಲ್ಲಿರಲಿ. ಫೀ ಬೇಡ. ತಂಬೂರಿ ನನ್ನ ಹತ್ತಿರ ಇದೆ. ಮೊದಲನೇ ತಂತಿ ಹೋದ ವಾರ ಹರಿದಿದೆ, ಮಿರಜಿನಿಂದ ತರಿಸಬೇಕು.